ಬೆಳ್ಳಪ್ಪ ಬಿಟ್ಟುಹೋದ ಅರೆಕ್ಷಣ

ಸಾವಿರದ ಒಂಬೈನೂರ ಅರವತ್ತೆಂಟರ ಬೇಸಿಗೆಯಲ್ಲಿ ಜಟ್ಟಪ್ಪ ಬೊಂಬಾಯಿಯಿಂದ ಸಾಗರಕ್ಕೆ ಬಂದದ್ದು ಹೆಣ್ಣು ಕೇಳಲಿಕ್ಕೆ ಎಂದೇ ದುಗ್ಗಮ್ಮ ತಿಳಿದರು. ಬೆಲ್ಲ, ನೀರು ಕೊಟ್ಟು, ರಜೆಗೆ ಬಂದಿದ್ದ ಅಣ್ಣನ ಮಗಳು ವಿಶಾಲೆಯನ್ನು ಜಗಲಿಗೆ ಕಳಿಸಿ, ತಾವು ಬಾಗಿಲ ಮರೆಗೆ ಸರಿದರು.

ವಿಶಾಲೆಗೆ ಅವನು ಬಂದ ಕಾರಣ ಗೊತ್ತಿತ್ತು. ಇಬ್ಬರೂ ಬೊಂಬಾಯಿಯ ಒಂದು ಸಂಸ್ಥೆಯಲ್ಲಿ, ಇಡೀ ಕೋಣೆ ತುಂಬುವ ಕಂಪ್ಯೂಟರ್ ನೋಡಿಕೊಳ್ಳುವವರು. ಅದರ ಎಲ್ಲ ಕೆಲಸ ನಡೆಸುವ ಮೂಲ ಪ್ರೋಗ್ರಾಂ ಬರೆದವನು ಬೆಳ್ಳಪ್ಪ; ಅವಳ ಕೈ ಹಿಡಿಯಬೇಕಿದ್ದವನು. ಹೋದ ವರ್ಷ ಹುಲಿಕಲ್ ಘಾಟಿಯಲ್ಲಿ ಲಾರಿ ಉರುಳಿ ತೀರಿಕೊಂಡ.

ಹಳೆಯ ಟೇಪ್ ಯಂತ್ರವೊಂದು ನಿಧಾನವೆಂದು ಬೆಳ್ಳಪ್ಪ ಆ ಮೂಲ ಪ್ರೋಗ್ರಾಮಿನಲ್ಲೇ ಅರೆಕ್ಷಣದ ಕಾಯುವಿಕೆ ಇಟ್ಟಿದ್ದ. ಹಾಗಾಗಿ ಟೇಪ್ ಬೇಡದ ಕೆಲಸವೂ ಅಲ್ಲಿ ತಡೆದು ನಿಲ್ಲುತ್ತಿತ್ತು. ಯಂತ್ರದ ದೀಪಗಳು ಮಿನುಗದೆ ಸ್ತಬ್ಧವಾದಾಗ ಯಾರೋ ಬೆನ್ನ ಹಿಂದೆ ಉಸಿರು ಎಳೆದುಕೊಂಡಂತೆ ವಿಶಾಲೆಗೆ ಅನ್ನಿಸುತ್ತಿತ್ತು. ಅದನ್ನು ಮುಟ್ಟಲು ಅವಳು ಯಾರಿಗೂ ಬಿಟ್ಟಿರಲಿಲ್ಲ.

“ಅದನ್ನ ಅಳಿಸಿ ಹಾಕೋಕೆ ಬಂದ್ರಾ?” ವಿಶಾಲೆ ಕೇಳಿದಳು.

“ಕೇಳೋಕೆ ಬಂದೆ. ಆ ಯಂತ್ರದ ಮುಂದೆ ಕಾದು ಕಾದು ದಿನಾ ನನ್ನ ಚಹಾ ಆರಿ ಹೋಗ್ತಿದೆ.”

“ಅದು ಆರೋದು ನಿಮ್ಮ ಮಾತಿನಿಂದ.”

ಅವನು ನಕ್ಕು, ಅವಳು ನಗುವಳೇನೋ ಎಂದು ಓರೆಗಣ್ಣಲ್ಲಿ ನೋಡಿದ. ನಗಲಿಲ್ಲ.

“ಆ ಹಳೇ ಟೇಪಿಗೆ ಅದು ಬೇಕೇ ಬೇಕು,” ಎಂದ ಮೆಲ್ಲಗೆ. “ಅದೊಂದನ್ನೇ ನಡೆಸೋಕೆ ಬೇರೆ ಪ್ರೋಗ್ರಾಂ ಮಾಡಿ, ಅದರೊಳಗೆ ಇಡೋಣ. ಅವನು ಬರೆದದ್ದು ಬರೆದ ಹಾಗೇ ಇರುತ್ತೆ. ಉಳಿದ ಕೆಲಸಕ್ಕೆ ಅದರ ಹಂಗು ಬೇಡ.”

ಅವಳ ರಜೆಯಲ್ಲೇ ಅವನು ಅದನ್ನು ತೆಗೆದುಬಿಡಬಹುದಿತ್ತು. ಬದಲಿಗೆ ರೈಲು ಬದಲಿಸಿ ಬದಲಿಸಿ, ತಾಳಗುಪ್ಪದ ಗಾಡಿ ಹಿಡಿದು ಕೇಳಲು ಬಂದಿದ್ದ. ಅಂಗಿಯ ಕಾಲರಿನಲ್ಲಿ ಎಂಜಿನ್ನಿನ ಕಲ್ಲಿದ್ದಲ ಮಸಿ ಇನ್ನೂ ಇತ್ತು.

ದುಗ್ಗಮ್ಮ ತಡೆಯಲಾರದೆ ಮರೆಯಿಂದಲೇ ಮಾತಾಡಿದರು. “ನಿಮ್ಮ ಯಂತ್ರ ಎಂತದ್ದೋ ನಂಗೆ ತಿಳೀಲಿಲ್ಲ ಮಗಾ. ಸತ್ತೋರಿಗೆ ಒಳಕೋಣೇಲಿ ಎಡೆ ಇಡ್ತೀವಿ. ದಿನಾ ಪಂಕ್ತೀಲೇ ಅವ್ರಿಗೆ ಎಲೆ ಹಾಕಿ ಕಾಯ್ತಾ ಕೂತ್ರೆ, ಬದುಕಿರೋರು ಉಣ್ಣೋದು ಯಾವಾಗ?”

ವಿಶಾಲೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ಹಳೇ ಟೇಪ್ ಹಾಕಿದ್ರೆ ಮೊದಲಿನ ಹಾಗೇ ನಿಲ್ಲುತ್ತೆ ತಾನೆ?”

“ನಿಲ್ಲುತ್ತೆ. ಬೇಕು ಅನ್ನಿಸ್ದಾಗ ಹಾಕಿ ನೋಡಿ. ನಾನು ಬಾಗಿಲ ಹೊರಗೆ ನಿಂತಿರ್ತೀನಿ. ಎಷ್ಟು ಹೊತ್ತಾದ್ರೂ.”

ಆ ಕೊನೆಯ ಮಾತು ಯಂತ್ರದ ಬಗೆಗಲ್ಲವೆಂದು ಇಬ್ಬರಿಗೂ ತಿಳಿಯಿತು. ಅವನ ಕಿವಿ ಕೆಂಪಾಯಿತು.

“ಹಾಗೇ ಮಾಡಿ,” ಎಂದಳು ವಿಶಾಲೆ. “ಆದ್ರೆ ಹೊರಗೆ ನಿಲ್ಲಬೇಡಿ. ಪಕ್ಕದಲ್ಲಿರಿ. ಆ ಕೋಣೇಲಿ ಒಬ್ಬಳೇ ಇರೋಕೆ ನಂಗೆ ಹೆದರಿಕೆ ಆಗ್ತಿತ್ತು ಅಂತ ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.”