ತೊಟ್ಟಿಯ ಮೇಲಿನ ದೀಪ

ಮೇಸ್ತ್ರಿಯ ಲೈಸೆನ್ಸ್ ರದ್ದಾಗಿ ಎಂಟು ತಿಂಗಳಾಗಿತ್ತು. ರದ್ದಾದದ್ದು ಅವನ ತಪ್ಪಿಗಲ್ಲ, ಷಡ್ಡಕನ ತಪ್ಪಿಗೆ. ಹೆಂಡತಿಯ ತಂಗಿಯ ಗಂಡ ಅಂತ ಆ ಮಹಾಶಯನಿಗೆ ವೈರಿಂಗ್ ಕೆಲಸವನ್ನು ಅಆಇಈಯಿಂದ ಕಲಿಸಿದವನೇ ಮೇಸ್ತ್ರಿ. ಕಲಿತವನು ಮಾಡಿದ್ದೇನು? ಒಂದು ಲಾಡ್ಜಿನ ಸ್ನಾನದ ತೊಟ್ಟಿಯ ಮೇಲೆ, ನೀರು ಒಳಗಿಳಿಯದ ದೀಪ ಹಾಕಬೇಕಾದ ಜಾಗದಲ್ಲಿ, ಪಡಸಾಲೆಯ ಅಗ್ಗದ ದೀಪ ತೂಗುಹಾಕಿದ. ತೊಟ್ಟಿಯಲ್ಲಿ ನಿಂತು ಕೈಯೆತ್ತಿದ ಮುದುಕಿಯೊಬ್ಬಳಿಗೆ ಶಾಕ್ ಹೊಡೆದು ಬಲಗೈ ಬಿದ್ದೇ ಹೋಯಿತು. ವಿಚಾರಣೆಯ ದಿನ ಷಡ್ಡಕ ಕಣ್ಣೊರೆಸಿಕೊಳ್ಳುತ್ತಾ, "ಆ ದೀಪ ಅಣ್ಣನೇ ಹಾಕಿದ್ದು ಸಾರ್, ನಂಗೇನು ಗೊತ್ತು?" ಎಂದುಬಿಟ್ಟ. ಕೆಲಸ ಸರಿಯಿದೆ ಎಂಬ ಕಾಗದದ ಕೆಳಗೆ ಇದ್ದದ್ದು ಮೇಸ್ತ್ರಿಯ ಸಹಿ. ನಮ್ಮವನೇ ಅಲ್ಲವಾ ಎಂದು ನೋಡದೆ ಹಾಕಿದ ಸಹಿ.

ಮೇಸ್ತ್ರಿಯ ಗುರುಗಳದೊಂದು ಕಟ್ಟುನಿಟ್ಟಿನ ನಿಯಮವಿತ್ತು. ದೀಪದ ಮುಚ್ಚಳ ಬಿಚ್ಚಿದವನು ಅದನ್ನು ಮುಚ್ಚುವ ಮೊದಲು ಒಳಗೆ ತಾರೀಖು ಮತ್ತು ತನ್ನ ಗುರುತು ಬರೆಯಬೇಕು. ಅದೂ ನಾಲಿಗೆಗೆ ತಾಕಿಸಿದರೆ ನೇರಳೆಯಾಗಿ ಬರೆಯುವ ಹಳೇ ಕಾಲದ ಪೆನ್ಸಿಲ್ಲಿನಲ್ಲಿ. ಅದರ ಬರಹ ಹಬೆಗೂ ಹೋಗದು, ನೀರಿಗೂ ಹೋಗದು. ಮೇಸ್ತ್ರಿಯ ಬಲಗಿವಿಯ ಹಿಂದೆ ಸದಾ ಅಂಥದೊಂದು ಇರುತ್ತಿತ್ತು. ಲಾಡ್ಜಿನ ದೀಪದೊಳಗೆ ಷಡ್ಡಕ ಗುರುತು ಹಾಕಿದ್ದರೆ ಮೇಸ್ತ್ರಿ ಬಚಾವಾಗುತ್ತಿದ್ದ. ಹಾಕಿರಲಿಲ್ಲ. ಕಳ್ಳ ನನ್ನ ಮಗ.

ಗಿರಾಕಿಗಳೆಲ್ಲ ಒಬ್ಬೊಬ್ಬರಾಗಿ ಷಡ್ಡಕನ ಅಂಗಡಿ ಹಿಡಿದರು. ಅದನ್ನೂ ಮೇಸ್ತ್ರಿ ನುಂಗಿಕೊಂಡ. ಆದರೆ ಷಡ್ಡಕ ಹೊಸ ಮನೆ ಕಟ್ಟಿಸಿ, ನೆಂಟರನ್ನೆಲ್ಲ ಊಟಕ್ಕೆ ಕರೆದು, ಎಲ್ಲರೆದುರಿಗೆ ಅವನ ಹೆಗಲ ಮೇಲೆ ಕೈಹಾಕಿದ.

"ಅಣ್ಣಾ, ಸುಮ್ನೆ ಮನೇಲಿ ಕೂತು ಏನ್ ಮಾಡ್ತೀರಿ? ನಮ್ಮಂಗಡಿಗೆ ಬನ್ನಿ. ಬಲ್ಬ್ ಒರೆಸೋ ಕೆಲಸ ಆದ್ರೂ ಕೊಡ್ತೀನಿ."

ಎಲ್ಲರೂ ನಕ್ಕರು. ಮೇಸ್ತ್ರಿಯೂ ಹಲ್ಲುಬಿಟ್ಟ. ಒಳಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಗಿತ್ತು. ಇವನನ್ನು ಬಿಡಬಾರದು ಎಂದು ಅವನು ತೀರ್ಮಾನಿಸಿದ್ದು ಕೈಯಲ್ಲಿನ ಲೋಟ ಕೆಳಗಿಡುವಷ್ಟರಲ್ಲಿ.

ದಾರಿ ತೋರಿಸಿದವನೂ ಷಡ್ಡಕನೇ. ಊಟವಾದ ಮೇಲೆ ಸ್ನಾನದ ಮನೆ ತೋರಿಸಲು ಕರೆದೊಯ್ದ. ಎಮ್ಮೆ ಮಲಗುವಷ್ಟು ದೊಡ್ಡ ಬಿಳಿ ತೊಟ್ಟಿ. ಅದರ ಮೇಲೆ, ಕೂತವನ ಕೈಗೆಟುಕುವಂತೆ, ಹಿತ್ತಾಳೆಯ ದೀಪ. ದಿನಾ ಸಂಜೆ ಆರಕ್ಕೆ ತೊಟ್ಟಿಯಲ್ಲಿ ಕೂತು ಪೇಪರ್ ಓದುತ್ತಾನಂತೆ, ಬೆಳಕು ಸಾಲದಾದರೆ ಒದ್ದೆ ಕೈಯಲ್ಲೇ ದೀಪವನ್ನು ಈಚೆಗೆ ತಿರುಗಿಸಿಕೊಳ್ಳುತ್ತಾನಂತೆ. ಪದೇಪದೇ ಕರೆಂಟ್ ಹೋಗುತ್ತದೆಂದು ಜೀವ ಉಳಿಸುವ ಟ್ರಿಪ್ ಸ್ವಿಚ್ಚನ್ನೇ ಕಿತ್ತುಹಾಕಿದ್ದ.

"ನಾನೇ ಹಾಕಿದ ದೀಪ ಅಣ್ಣಾ. ಗುರುತು ನೋಡಿ!" ಎಂದು ಮುಚ್ಚಳ ಬಿಚ್ಚಿ ತೋರಿಸಿದ. ಒಳಗೆ ನೇರಳೆ ಬಣ್ಣದಲ್ಲಿ ತಾರೀಖು, ಪಕ್ಕದಲ್ಲಿ ಅವನ ಗುರುತಾದ ನಕ್ಷತ್ರದ ಚಿತ್ರ. ಸ್ವಂತ ಮನೆಯಲ್ಲಿ ಮಾತ್ರ ಗುರುಭಕ್ತಿ!

ಮೇಸ್ತ್ರಿಗೆ ಆ ನಕ್ಷತ್ರವೇ ಸಾಕಾಯಿತು. ನಾಳೆ ಏನಾದರೂ ಆದರೆ ಕರೆಂಟ್ ಇಲಾಖೆಯ ಇನ್‌ಸ್ಪೆಕ್ಟರ್ ಮೊದಲು ಬಿಚ್ಚುವುದೇ ಈ ಮುಚ್ಚಳವನ್ನು. ಹಾಕಿದವನೂ ಇವನೇ, ಸತ್ತವನೂ ಇವನೇ. ಸ್ವಿಚ್ ಕಿತ್ತವನೂ ಇವನೇ. ಇನ್ಯಾರನ್ನು ಕೇಳುತ್ತಾರೆ? ಲಾಡ್ಜಿನ ದೀಪವನ್ನೂ ಹೀಗೇ ಹಾಕಿದ್ದನೆಂದು ಊರಿಗೆಲ್ಲ ಗೊತ್ತಾಗಿ, ಹೋದ ಲೈಸೆನ್ಸೂ ಮರಳಿ ಬರಬಹುದು. ನಾದಿನಿಯ ಚಿಂತೆಯೂ ಇರಲಿಲ್ಲ. ಅವಳಿಗೆ ಆ ತೊಟ್ಟಿ ಕಂಡರಾಗದು, ಬಕೆಟ್ಟು ತಂಬಿಗೆಯೇ ಸೈ.

ಮೂರು ವಾರ ಕಾದ. ಗಿಡಗಳಿಗೆ ನೀರು ಹಾಕಲೆಂದು ನಾದಿನಿ ಕೊಟ್ಟಿದ್ದ ಕೀಲಿಕೈ ತನ್ನ ಮನೆಯ ಮೊಳೆಯಲ್ಲೇ ನೇತಾಡುತ್ತಿತ್ತು. ಗಂಡಹೆಂಡತಿ ಇಬ್ಬರೂ ಅಂಗಡಿಯಲ್ಲಿದ್ದ ಒಂದು ಗುರುವಾರ, ಮಧ್ಯಾಹ್ನ ನಾಲ್ಕಕ್ಕೆ ಒಳಹೊಕ್ಕ. ಕೈಗೆ ಗ್ಲೌಸು, ಕಾಲಿಗೆ ಬರೀ ಕಾಲುಚೀಲ. ಮೇನ್ ಆಫ್ ಮಾಡಿದ. ಮುಚ್ಚಳ ಬಿಚ್ಚಿದ. ಮೂವತ್ತು ವರ್ಷ ಶಿಷ್ಯರಿಗೆ ಯಾವುದನ್ನು ಮಾಡಬೇಡಿರೋ ಎಂದು ಗಂಟಲು ಹರಿದುಕೊಂಡಿದ್ದನೋ ಅದನ್ನೇ ಅಚ್ಚುಕಟ್ಟಾಗಿ ಮಾಡಿದ. ನಿಜ ಹೇಳಬೇಕೆಂದರೆ ಎಂಟು ತಿಂಗಳ ಮೇಲೆ ಸ್ಕ್ರೂಡ್ರೈವರ್ ಹಿಡಿದದ್ದು ಹಿತವಾಗಿಯೇ ಇತ್ತು, ಕೈ ತನ್ನ ಪಾಡಿಗೆ ತಾನು ಓಡುತ್ತಿತ್ತು. ಮುಚ್ಚಳ ಮುಚ್ಚಿ, ಸ್ಕ್ರೂ ಬಿಗಿದು, ಬಿದ್ದ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮೇನ್ ಹಾಕಿ, ಕೀಲಿಕೈಯನ್ನು ಮೊಳೆಗೆ ತಗುಲಿಸುವಾಗ ಐದು ಹೊಡೆದಿರಲಿಲ್ಲ.

ಬಾಯಿ ಕಹಿಯಾಗಿತ್ತು. ಪಿತ್ತ ಏರಿರಬೇಕು ಎಂದುಕೊಂಡ. ಹೊಟ್ಟೆಗೆ ಏನೂ ಬೇಡವೆನಿಸಿ, ನೀರೂ ಕುಡಿಯದೆ, ಕುರ್ಚಿಯಲ್ಲಿ ಕೂತು ಗಡಿಯಾರ ನೋಡಿದ. ಆರಾಯಿತು. ಆರೂವರೆಯಾಯಿತು. ಮಗನೇ, ಈಗ ಒರೆಸು ಬಲ್ಬು!

ಏಳಕ್ಕೆ ಹೆಂಡತಿ ಹೊಲಿಗೆ ಕೆಲಸ ಮುಗಿಸಿ ಬಂದಳು. ಚಪ್ಪಲಿ ಬಿಡುವಷ್ಟರಲ್ಲಿ ಅವಳ ಫೋನ್ ಬಡಿದುಕೊಂಡಿತು. ತಂಗಿಯದು. ಕೇಳುತ್ತಾ ಕೇಳುತ್ತಾ ಹೆಂಡತಿ ಗೋಡೆಗೊರಗಿ ಕುಸಿದಳು.

"ಅಯ್ಯೋ, ಹೋಗ್ಬಿಟ್ರಂತೆ ಕಣ್ರೀ! ತೊಟ್ಟೀಲೇ... ದೀಪ ಮುಟ್ಟಿ..." ಎಂದು ಬಿಕ್ಕಿದಳು. "ಪೊಲೀಸ್ನೋರು, ಇನ್‌ಸ್ಪೆಕ್ಟ್ರು ಎಲ್ಲಾ ಬಂದಿದಾರಂತೆ. ದೀಪ ಇಳಿಸಿ ಬಿಚ್ತಿದಾರಂತೆ."

ಬಿಚ್ಚಲಿ, ಬಿಚ್ಚಲಿ ಎಂದುಕೊಂಡ ಮೇಸ್ತ್ರಿ. ನಕ್ಷತ್ರ ಕಣ್ಣಿಗೆ ರಾಚುತ್ತದೆ. ಎದ್ದು ಹೆಂಡತಿಯ ಪಕ್ಕ ಕೂತು ತಲೆ ಚಚ್ಚಿಕೊಂಡ, ಬಾಯಗಲಿಸಿ ಗೋಳಾಡಿದ. "ಎಂಥಾ ಹುಡುಗ! ನೀರಿಳಿಯದ ದೀಪ ಹಾಕೋ ಅಂತ ಬಡ್ಕೊಂಡೆ, ಕೇಳ್ಲಿಲ್ವಲ್ಲೇ!"

ಹೆಂಡತಿಯ ಅಳು ಥಟ್ಟನೆ ನಿಂತಿತು. ಅವನ ಬಾಯನ್ನೇ ನೋಡುತ್ತಿದ್ದಳು. "ಏನ್ರೀ ಇದು, ನಾಲಿಗೆಯೆಲ್ಲಾ ನೇರಳೆ ಆಗಿದೆ? ಎಂಟು ತಿಂಗಳಿಂದ ಹೀಗಾಗಿರ್ಲಿಲ್ವಲ್ಲ. ಇವತ್ತು ಎಲ್ಲಿ ಕೆಲಸ ಮಾಡಿದ್ರಿ?" ಮೇಸ್ತ್ರಿಯ ಕೈ ಬಲಗಿವಿಯ ಹಿಂದಕ್ಕೆ ಹೋಯಿತು. ಪೆನ್ಸಿಲ್ ಅಲ್ಲೇ ಇತ್ತು. ಆ ಕಹಿ ಪಿತ್ತದ್ದಲ್ಲ. ಮುಚ್ಚಳ ಮುಚ್ಚುವ ಮೊದಲು, ಮೂವತ್ತು ವರ್ಷ ಮಾಡಿದ ಹಾಗೇ, ಕೈ ಪೆನ್ಸಿಲ್ ತೆಗೆದು ನಾಲಿಗೆಗೆ ತಾಕಿಸಿ ನಕ್ಷತ್ರದ ಕೆಳಗೆ ಬರೆದಿತ್ತು: ಎರಡು ಗೀಟು, ನಡುವೆ ಒಂದು ಚುಕ್ಕೆ, ಊರಿನ ಕೆಲಸದವರಿಗೆಲ್ಲ ಗೊತ್ತಿರುವ ಅವನ ಗುರುತು. ಪಕ್ಕದಲ್ಲಿ ಇವತ್ತಿನ ತಾರೀಖು. ತಾರೀಖನ್ನು ಅವನು ಯಾವತ್ತೂ ತಪ್ಪು ಬರೆದವನಲ್ಲ.