ಹೆಗ್ಗದ್ದೆ ಕಾಲುಸಂಕದ ದೂರು

ಕಾಫಿ ಬೆಳೆಗಾರ ಚಂದ್ರಶೇಖರನ ಹೆಸರು ಮೊದಲ ಸಲ ಇಂಟರ್ನೆಟ್ಟಿನಲ್ಲಿ ಬಂದದ್ದು ಕಳ್ಳನೆಂದು. ಸ್ಮಶಾನದ ದಾರಿಗೆ ಬೇಲಿ ಹಾಕಿ ಗಿಡ ನೆಟ್ಟಿದ್ದಾನೆಂದು ಹೆಗ್ಗದ್ದೆಯ ನಿವೃತ್ತ ಮೇಷ್ಟ್ರು ನಂಜುಂಡಯ್ಯ ಸರ್ಕಾರದ ಹೊಸ ಜಾಲತಾಣದಲ್ಲಿ ದೂರು ಹಾಕಿದ್ದರು. ಯಾರು ಬೇಕಾದರೂ ಓದಬಹುದು, ಕೆಳಗೆ ತಮ್ಮ ಮಾತನ್ನೂ ಸೇರಿಸಬಹುದು. ಅವನದೇ ಎಸ್ಟೇಟಿನ ಕೂಲಿ ಲೈನಿನವರು ಸಕಲೇಶಪುರದ ಕಂಪ್ಯೂಟರ್ ಅಂಗಡಿಗೆ ಹೋಗಿ ಬರೆಸಿದ್ದರು: ‘ನಮ್ಮಜ್ಜಿ ಹೆಣಾನ ಗದ್ದೆ ಸುತ್ತಿ ಹೊತ್ಕಂಡೋದ್ವಿ.’ ತನ್ನೆದುರು ತಲೆಯೆತ್ತಿ ನಿಲ್ಲದವರು ಊರಿಗೆಲ್ಲ ಕೇಳುವಂತೆ ಮಾತಾಡಿದ್ದು ಅವನಿಗೆ ಸಹಿಸಲಾಗಲಿಲ್ಲ. ಹಳೆಯ ಗಡಿಕಲ್ಲುಗಳನ್ನು ಗುರುತಿಸಬಲ್ಲವರು ಮೇಷ್ಟ್ರೊಬ್ಬರೇ. ಅವರು ಹೋದರೆ ದೂರೂ ಹೋದಂತೆ.

ಅವನು ಆ ತಾಣವನ್ನು ಶತ್ರುವಿನ ಮನೆಯಂತೆ ಅಡ್ಡಾಡಿ ನೋಡಿದ. ಕುಡಿಯುವ ನೀರು, ಬೀದಿದೀಪ, ಶಾಲೆಯ ಸೂರು, ಯಾವ ದೂರು ತೆರೆದರೂ ‘ಅಧಿಕಾರಿಗಳ ಉತ್ತರ’ ಎಂಬಲ್ಲಿ ಜಾಗ ಖಾಲಿ. ಅವನಿಗೆ ನಗು ಬಂತು. ಉಪಾಯ ಹೊಳೆದದ್ದು ಆ ಖಾಲಿ ಜಾಗದಿಂದಲೇ.

ಮೇಷ್ಟ್ರು ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹಾಲಿನ ಕ್ಯಾನು ಹಿಡಿದು ಹಳ್ಳದ ಮರದ ಕಾಲುಸಂಕ ದಾಟುತ್ತಿದ್ದರು. ಚಂದ್ರಶೇಖರ ತನ್ನ ಹೆಸರಿನಲ್ಲೇ ದೂರು ಹಾಕಿದ: ‘ಕಾಲುಸಂಕದ ಬಲಗಡೆಯ ತೊಲೆ ನಟ್ಟನಡುವೆ ಬಿರುಕು ಬಿಟ್ಟಿದೆ. ಜೀವ ಹೋಗುವ ಮುಂಚೆ ಸರಿಪಡಿಸಿ.’ ತೊಲೆಗೆ ಏನೂ ಆಗಿರಲಿಲ್ಲ. ಅದಕ್ಕೆ ಆಗಬೇಕಾದ್ದನ್ನು ಅವನು ಆಮೇಲೆ ಮಾಡುವವನಿದ್ದ. ಮುರಿದ ಮರವನ್ನು ಹಳ್ಳ ಕೊಚ್ಚಿಕೊಂಡು ಹೋಗುತ್ತದೆ. ಉಳಿಯುವುದು ದೂರು, ಉತ್ತರಿಸದ ಸರ್ಕಾರ, ಮುಂಚೆಯೇ ಎಚ್ಚರಿಸಿದ್ದ ಸಜ್ಜನ.

ದಾರಿಯಲ್ಲಿ ಸಿಕ್ಕ ಮೇಷ್ಟ್ರಿಗೂ ಹೇಳಿದ. “ಸಂಕದ ಮೇಲೆ ಒಂದ್ ದೂರು ಹಾಕಿದೀನಿ ಮೇಷ್ಟ್ರೇ. ನಿಮ್ ದಾರೀನೇ ಹಿಡ್ದೆ.”

ಮುದುಕನ ಮುಖ ಅರಳಿತು. “ಒಳ್ಳೇದಾಯ್ತು ಕಣಪ್ಪ. ಬಗ್ಗಿ ನೋಡಾಣ ಅಂದ್ರೆ ನಂಗೆ ಮಂಡಿ ಮಡಚಾಕಾಗಲ್ಲ. ನಾನೂ ಒಂದ್ ಮಾತು ಸೇರಿಸ್ತೀನಿ.”

ಮುದುಕ ತಾನು ಸಾಯುವ ಸಂಕಕ್ಕೆ ತಾನೇ ಸಹಿ ಹಾಕುತ್ತಾನೆ! ಆ ಸಂತೋಷ ಚಂದ್ರಶೇಖರನಿಗೆ ಹಲವು ದಿನಗಳಿಗೆ ಸಾಕಾಯಿತು. ಮತ್ತೆ ಆ ತಾಣ ತೆರೆದು ನೋಡುವ ಅಗತ್ಯವೇ ಅವನಿಗೆ ಕಾಣಲಿಲ್ಲ.

ಹಳ್ಳ ತುಂಬಿ ಹರಿಯತೊಡಗಿದ ಮೇಲೆ, ಒಂದು ಸಂಜೆ, ಆಳುಗಳೆಲ್ಲ ಮನೆ ಸೇರಿದ ಮೇಲೆ ದಡದಿಂದ ಸಂಕದ ಕೆಳಗೆ ಇಳಿದ. ನೀರಿನ ಅಬ್ಬರದಲ್ಲಿ ಗರಗಸದ ಸದ್ದು ಅವನಿಗೇ ಕೇಳಿಸಲಿಲ್ಲ. ಬಲಗಡೆಯ ತೊಲೆಯನ್ನು ಕೆಳಗಿನಿಂದ ಕೊಯ್ದು, ಮೇಲೆ ಒಂದು ಎಳೆಯಷ್ಟು ಉಳಿಸಿದ. ಮೇಷ್ಟ್ರ ಬದಲು ಬೇರೆ ಯಾರಾದರೂ ಹೋದರೆ? ಹೋಗಲಿ. ಇನ್ನೊಂದು ದಾರಿ ಹುಡುಕಿದರಾಯಿತು.

ಮರುದಿನ ಬೆಳಿಗ್ಗೆ ಮೊದಲು ಸಂಕ ಹತ್ತಿದ್ದು ಮೇಷ್ಟ್ರೇ. ಮುರಿದ ತೊಲೆಯನ್ನು ಹಳ್ಳ ಒಯ್ದಿತ್ತು, ಹೆಣ ಕೆಳಗಿನ ಬಂಡೆಗೆ ಸಿಕ್ಕಿಕೊಂಡಿತ್ತು. ಎಲ್ಲರಿಗಿಂತ ಮುಂದೆ ಸೊಂಟಮಟ್ಟದ ನೀರಿಗಿಳಿದು ಎತ್ತಿದವನು ಚಂದ್ರಶೇಖರ. ದಡದಲ್ಲಿ ಕುಸಿದಿದ್ದ ಮೇಷ್ಟ್ರ ಹೆಂಡತಿ ಗುರುಶಾಂತಮ್ಮನ ಪಕ್ಕ ಕೂತು, ಊರಿಗೆಲ್ಲ ಕೇಳುವಂತೆ ಅತ್ತ. “ನಾನ್ ಬರ್ದಿದ್ದೆ ಅಕ್ಕ. ಯಾರೂ ತಿರುಗಿ ನೋಡ್ನಿಲ್ಲ. ಸರ್ಕಾರನೇ ಕೊಂದಾಕ್ಬುಡ್ತು.” ಆಕೆ ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಅವನಿಗೆ ಒಳಗೇ ನಗು ಉಕ್ಕಿತು.

ಸಬ್ ಇನ್‌ಸ್ಪೆಕ್ಟರ್ ಮಹಾದೇವಯ್ಯ ಎಲ್ಲವನ್ನೂ ಕೇಳಿಸಿಕೊಂಡು, ಜೇಬಿನಿಂದ ಮಡಿಸಿದ ಒಂದು ಹಾಳೆ ತೆಗೆದರು. “ತಿರುಗಿ ನೋಡವ್ರೆ ಕಣ್ರೀ. ನಿಮ್ ದೂರಿಗೆ ಉತ್ತರ ಬಂದೈತೆ, ನೀವೇ ನೋಡಿಲ್ಲ. ಮೇಷ್ಟ್ರು ತಾಲ್ಲೂಕಾಫೀಸಿಗೋಗಿ ಕೂತು, ನಿನ್ನೆ ಬೆಳಗ್ಗೆ ಎಂಜಿನಿಯರ್ನ ಕರ್ಕಂಡು ಬಂದಿದ್ರಂತೆ.” ಹಾಳೆಯ ಮೇಲೆ ಸಂಕದ ಅಡಿಯಿಂದ ತೆಗೆದ ಬಲಗಡೆಯ ತೊಲೆಯ ಫೋಟೋ, ಮೂಲೆಯಲ್ಲಿ ನಿನ್ನೆಯ ತಾರೀಖು. ಕೆಳಗೆ ಒಂದೇ ಸಾಲು: ‘ಸ್ಥಳ ಪರಿಶೀಲಿಸಲಾಗಿದೆ. ತೊಲೆ ಗಟ್ಟಿಯಾಗಿದ್ದು, ಎಲ್ಲಿಯೂ ಬಿರುಕು ಇರುವುದಿಲ್ಲ.’