ಬೆಲ್ ಒತ್ತಬೇಡ, ಹೆಸರು ಕೂಗು

ಒಂದಾನೊಂದು ಊರಿನ ಇಕ್ಕಟ್ಟಾದ ಓಣಿಯಲ್ಲಿ ಒಬ್ಬಳು ಹುಡುಗಿ ಬಾಯಿ ತೆರೆದುಕೊಂಡು ನಿಂತಿದ್ದಳಂತೆ. ಬಾಯಿಂದ ದನಿ ಮಾತ್ರ ಹೊರಡುತ್ತಿರಲಿಲ್ಲವಂತೆ.

ಆ ಊರು ಇಟಲಿಯ ನೇಪಲ್ಸ್. ಹುಡುಗಿ ನಮ್ಮ ವಿಭಾ. ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಗಿಲ್‌ರಾಯ್‌ನಿಂದ ಸ್ಪ್ರಿಂಗ್ ಬ್ರೇಕಿಗೆಂದು ಅಪ್ಪ, ಅಜ್ಜಿಯ ಜೊತೆ ಬಂದಿದ್ದಳು.

ಓಣಿಯ ಎರಡೂ ಬದಿಗೆ ಅಜ್ಜಿಯ ಅಜ್ಜಿಗಿಂತಲೂ ಹಳೆಯ ಮನೆಗಳು. ಈ ಬಾಲ್ಕನಿಯಿಂದ ಆ ಬಾಲ್ಕನಿಗೆ ಹಗ್ಗ, ಹಗ್ಗದ ತುಂಬ ಒಗೆದ ಬಟ್ಟೆ. ಗೋಡೆಯ ಗೂಡಿನಲ್ಲಿ ಮೇರಿಯಮ್ಮನ ಮುಂದೆ ಪುಟ್ಟ ದೀಪ. ಅಜ್ಜಿ ಅದಕ್ಕೂ ಒಮ್ಮೆ ಕೈಮುಗಿದಿದ್ದರು.

ವಿಭಾಳ ಕೈಯಲ್ಲಿ ಒಣ ಆಪ್ರಿಕಾಟಿನ ಪೊಟ್ಟಣವಿತ್ತು. ಗಿಲ್‌ರಾಯ್‌ನ ಪಕ್ಕದ ಮನೆಯ ಮೆನಾ ಆಂಟಿ ತಮ್ಮ ಹಿತ್ತಲ ಮರದ ಹಣ್ಣು ಒಣಗಿಸಿ ಕೊಟ್ಟಿದ್ದರು. ಮೆನಾ ಆಂಟಿ ಹುಟ್ಟಿ ಬೆಳೆದದ್ದು ಇದೇ ಓಣಿಯಲ್ಲಿ. ಈಗ ಅವರಿಗೆ ಮಂಡಿನೋವು, ವಿಮಾನ ಹತ್ತಲಾರರು. ಅವರ ಅಕ್ಕ ನುನ್ಸಿಯಾ ಇನ್ನೂ ಇಲ್ಲೇ, ಐದನೇ ಮಹಡಿಯಲ್ಲಿದ್ದರು.

“ಬೆಲ್ ಒತ್ತಬೇಡ,” ಎಂದಿದ್ದರು ಮೆನಾ ಆಂಟಿ. “ಕೆಳಗೆ ನಿಂತು ಅಕ್ಕನ ಹೆಸರು ಕೂಗು. ನಾನು ಸ್ಕೂಲಿಂದ ಬಂದು ಹಾಗೇ ಕೂಗ್ತಿದ್ದೆ. ಅವಳು ಹಗ್ಗ ಕಟ್ಟಿ ಬುಟ್ಟಿ ಇಳಿಬಿಡ್ತಾಳೆ. ಪ್ರಾಮಿಸ್?”

“ಪ್ರಾಮಿಸ್,” ಎಂದಿದ್ದಳು ವಿಭಾ. ಬೇಲಿಯ ಪಕ್ಕ ನಿಂತು ಅವರಿಂದ ಆ ಕೂಗಿನ ರಾಗವನ್ನೂ ಕಲಿತಿದ್ದಳು. ಮೊದಲು ಮೆಲ್ಲಗೆ, ಕೊನೆಗೆ ಉದ್ದಕ್ಕೆ.

ಈಗ ಅವಳು “ಆಂಟೀ,” ಎಂದಳು. ಯಾರೂ ಇಣುಕಲಿಲ್ಲ.

“ಆಂಟೀ...”

ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬಟಾಣಿ ಸುಲಿಯುತ್ತಿದ್ದ ಹೆಂಗಸು “ಆಂತೀ, ಆಂತೀ,” ಎಂದು ಅಣಕಿಸಿ ನಕ್ಕಳು. ಮೇಲಕ್ಕೆ ಕೈ ತೋರಿಸಿ, ಬಾಯಿ ಇನ್ನಷ್ಟು ತೆರೆ ಎಂದು ಸನ್ನೆ ಮಾಡಿದಳು.

“ಇಲ್ಲಿ ಆಂಟಿ ಅಂದ್ರೆ ಯಾರು ತಿರುಗಿ ನೋಡ್ತಾರೆ?” ಅಪ್ಪ ಕೇಳಿದರು. “ಹೆಸರು ಕೂಗೇ.”

“ಶೀ ಈಸ್ ಸೋ ಓಲ್ಡ್, ಅಪ್ಪಾ. ಬರೀ ಹೆಸರಾ? ಅಜ್ಜಿ ವಿಲ್ ಕಿಲ್ ಮೀ.”

ದೊಡ್ಡವರನ್ನು ಹೆಸರು ಹಿಡಿದು ಕರೆಯಬಾರದೆಂದು ಕಲಿಸಿದ್ದೇ ಅಜ್ಜಿ. ಹಿಂದೊಮ್ಮೆ ಡೇಕೇರ್ ಟೀಚರನ್ನು ‘ಲೀಸಾ’ ಅಂದಿದ್ದಕ್ಕೆ ಊಟದ ತನಕ ಮಾತು ಬಿಟ್ಟಿದ್ದರು.

“ಟ್ರೈನಿಗೆ ಟೈಮಾಗ್ತಿದೆ ಪುಟ್ಟಿ. ನಾನೇ ಬೆಲ್ ಒತ್ತಿ ಕೊಟ್ಬಿಡ್ತೀನಿ. ಆಪ್ರಿಕಾಟು ತಲುಪಿದ್ರೆ ಸಾಕಲ್ವಾ?”

ಸಾಲದು ಎಂದು ವಿಭಾಗೆ ಗೊತ್ತಿತ್ತು. ಆದರೆ ಕಣ್ಣು ತುಂಬುತ್ತಿತ್ತು.

ಮೆಟ್ಟಿಲ ಮೇಲೆ ಕೂತಿದ್ದ ಅಜ್ಜಿ ಕೇಳಿದರು, “ನನ್ನ ಹೆಸರೇನು ಹೇಳು?”

“ಪದ್ಮಜಾ.”

“ಕಡೇ ಸಲ ಅದನ್ನ ಯಾರು ಕೂಗಿದ್ದು ಗೊತ್ತಾ? ಬ್ಲಡ್ ಟೆಸ್ಟಿನ ನರ್ಸು. ಅದೂ ‘ಪ್ಯಾಡ್‌ಮಾಜಾ’ ಅಂತ.”

ವಿಭಾಗೆ ಅಳುವಿನ ನಡುವೆಯೇ ನಗು ಬಂತು. ಅಜ್ಜಿಯೂ ನಕ್ಕರು. ಆಮೇಲೆ ಸೆರಗಿನ ತುದಿ ನೋಡುತ್ತ ಮೆಲ್ಲಗೆ ಅಂದರು, “ಮನೇಲಿ ನಾನು ಅಮ್ಮ, ಅತ್ತೆ, ಅಜ್ಜಿ. ಪದ್ದೂ ಅಂತಿದ್ದವರು ಒಬ್ಬೊಬ್ಬರೇ ಹೋಗ್ಬಿಟ್ರು. ನೀನು ಕೂಗು ಮರಿ.”

ವಿಭಾ ಅಜ್ಜಿಯ ಮುಖವನ್ನೇ ನೋಡಿದಳು. ಆಮೇಲೆ ತಲೆಯೆತ್ತಿ ಮೇಲೆ ನೋಡಿದಳು.

“ನುನ್ಸಿಯಾಆಆ...”

ದನಿ ಗೋಡೆಗೆ ತಾಗಿ, ಅಂಗಿ, ದುಪ್ಪಟಿಗಳನ್ನು ದಾಟಿ ಮೇಲೇರಿತು. ಬಟಾಣಿ ಸುಲಿಯುವ ಕೈ ನಿಂತಿತು.

ಐದನೇ ಮಹಡಿಯ ಕಿಟಕಿ ತೆರೆಯಿತು. ಬಿಳಿ ತಲೆಯೊಂದು ಹೊರಬಂತು. ಅದು ವಿಭಾಳ ಕಡೆ ನೋಡಲಿಲ್ಲ. ಓಣಿಯ ತಿರುವಿನಲ್ಲಿ ಯಾರನ್ನೋ ಹುಡುಕಿತು.

“ಮೆನಾ?”

‘ನೋ, ಐ ಆಮ್ ವಿಭಾ’ ಅನ್ನಲು ಹೊರಟವಳು ತಡೆದುಕೊಂಡಳು. ಅದೇ ರಾಗದಲ್ಲಿ ಇನ್ನೊಮ್ಮೆ ಕೂಗಿದಳು. ಈ ಸಲ ದನಿ ನಡುಗಲಿಲ್ಲ.

ಬುಟ್ಟಿ ಇಳಿಯಿತು, ತೂಗುತ್ತ, ತಿರುಗುತ್ತ, ಅವಳ ಎದೆಯ ಎತ್ತರಕ್ಕೆ. ವಿಭಾ ಪೊಟ್ಟಣ ಇಟ್ಟು ಹಗ್ಗವನ್ನು ಒಮ್ಮೆ ಜಗ್ಗಿದಳು.

ಬುಟ್ಟಿ ಒಂದೊಂದೇ ಬಾಲ್ಕನಿ ದಾಟಿ ಮೇಲಕ್ಕೆ ಹೋಯಿತು. ಎರಡು ಸಣಕಲು ಕೈಗಳು ಅದನ್ನು ಒಳಗೆಳೆದುಕೊಂಡವು.